ಕೋಡ್ ಬರೆಯುವವರು ಬೇರೆಲ್ಲಿ ಬೇಕು?

ಕೇಳುಗರೇ, ಇವತ್ತಿನ ಮಾತು ಮುಖ್ಯವಾಗಿ ಸಾಫ್ಟ್‌ವೇರ್ ಕೆಲಸದಲ್ಲಿ ಇರುವವರಿಗೆ. ವರ್ಷಗಟ್ಟಲೆ ಕೋಡ್ ಬರೆದು, ಟೆಸ್ಟಿಂಗ್ ಮಾಡಿ, ರಾತ್ರಿ ಎದ್ದು ಸರ್ವರ್ ನೋಡಿಕೊಂಡು, ಈಗ "ಮುಂದೆಯೂ ಇದೇನಾ?" ಎಂದು ಕೇಳಿಕೊಳ್ಳುತ್ತಿರುವವರಿಗೆ. ಲೇಆಫ್ ಆಗಿ ಕೆಲಸ ಹುಡುಕುತ್ತಿರುವವರಿಗೆ. ಕೋಡನ್ನು ಎಐ ಬರೆಯತೊಡಗಿದ ಮೇಲೆ ನಮ್ಮ ಜಾಗ ಎಲ್ಲಿ ಎಂದು ಯೋಚಿಸುತ್ತಿರುವವರಿಗೂ.

ನಿಮಗೆ ಬರುವ ಕೆಲಸ ನಿಮ್ಮ ಆಫೀಸಿನಲ್ಲಿ ಎಲ್ಲರಿಗೂ ಬರುತ್ತದೆ. ಹಾಗಾಗಿ ಅದು ದೊಡ್ಡದು ಎಂದು ನಿಮಗೇ ಅನ್ನಿಸುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಆದರೆ ಆ ಕೆಲಸ ಗೊತ್ತಿರುವವರು ಒಬ್ಬರೂ ಇಲ್ಲದ ಕಡೆ ಹೋದರೆ, ನಿಮ್ಮ ಸಾಧಾರಣ ಅನುಭವಕ್ಕೂ ಬಹಳ ಬೆಲೆ ಬರುತ್ತದೆ. ಬೇರೆ ದಾರಿ ಹುಡುಕುವವರು ಮೊದಲು ಇದನ್ನು ಗಮನಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಜಿಮ್ ಕೆಂಟ್ ಅವರ ಕಥೆ ಕೇಳಿ. ಅಮೆರಿಕದ ಈ ಪ್ರೋಗ್ರಾಮರ್ ವರ್ಷಗಟ್ಟಲೆ ಅನಿಮೇಶನ್ ಸಾಫ್ಟ್‌ವೇರ್ ಬರೆದವರು. ಒಳ್ಳೆಯ ಹೆಸರಿತ್ತು. ಅದನ್ನು ಬಿಟ್ಟು ಅವರು ಜೀವಶಾಸ್ತ್ರ ಕಲಿಯಲು ಸ್ಯಾಂಟಾ ಕ್ರೂಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ಅದು ಮನುಷ್ಯನ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎಯನ್ನು ಓದುವ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲ. ಹಲವು ದೇಶಗಳ ವಿಜ್ಞಾನಿಗಳು ಡಿಎನ್‌ಎಯನ್ನು ಚೂರು ಚೂರಾಗಿ ಓದಿ ಇಟ್ಟಿದ್ದರು. ಆ ಲಕ್ಷಾಂತರ ಚೂರುಗಳಲ್ಲಿ ಯಾವುದರ ಪಕ್ಕ ಯಾವುದು ಬರಬೇಕು ಎಂದು ಜೋಡಿಸುವ ಪ್ರೋಗ್ರಾಂ ಮಾತ್ರ ಕೈಯಲ್ಲಿರಲಿಲ್ಲ. ಇನ್ನೊಂದು ಕಡೆ ಸೆಲೆರಾ ಎಂಬ ಖಾಸಗಿ ಕಂಪನಿಯೂ ಅದೇ ಗುರಿಯತ್ತ ಓಡುತ್ತಿತ್ತು. ಅವರೇ ಮೊದಲು ಮುಗಿಸಿಬಿಟ್ಟರೆ ನಮ್ಮೆಲ್ಲರ ಜೀನುಗಳ ಮೇಲೆ ಪೇಟೆಂಟ್ ಬಿದ್ದೀತು ಎಂಬ ಆತಂಕ ಕೆಂಟ್ ಅವರಿಗಿತ್ತು. 2000ನೇ ಇಸವಿಯಲ್ಲಿ ಅವರು ಸುಮಾರು ಒಂದು ತಿಂಗಳು ಹಗಲು ರಾತ್ರಿ ಕೂತು ಆ ಪ್ರೋಗ್ರಾಂ ಬರೆದರು. ಟೈಪ್ ಮಾಡಿ ಮಾಡಿ ನೋಯುವ ಮಣಿಕಟ್ಟಿಗೆ ಐಸ್ ಇಟ್ಟುಕೊಳ್ಳುತ್ತಿದ್ದರಂತೆ. ಸುಮಾರು 100 ಮಾಮೂಲಿ ಕಂಪ್ಯೂಟರುಗಳ ಮೇಲೆ ಅದು ಓಡಿತು. ಜೂನ್ 22ರಂದು ಮೊದಲ ಜೋಡಣೆ ಮುಗಿಯಿತು. ಜುಲೈ 7ಕ್ಕೆ ವಿಶ್ವವಿದ್ಯಾಲಯ ಅದನ್ನು ಇಂಟರ್ನೆಟ್‌ನಲ್ಲಿ ಇಟ್ಟಿತು. ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದಿತ್ತು.

ಆಗ ಅವರಿಗೆ 40 ವರ್ಷ, ಇನ್ನೂ ವಿದ್ಯಾರ್ಥಿ. ಪ್ರೋಗ್ರಾಮರುಗಳ ನಡುವೆಯೇ ಉಳಿದಿದ್ದರೆ ಅವರು ಒಳ್ಳೆಯ ಪ್ರೋಗ್ರಾಮರುಗಳಲ್ಲಿ ಒಬ್ಬರಾಗಿರುತ್ತಿದ್ದರು. ಜೀವಶಾಸ್ತ್ರದವರ ನಡುವೆ ಹೋಗಿದ್ದಕ್ಕೆ ಬೇರೆ ಯಾರೂ ಮಾಡದೇ ಉಳಿದಿದ್ದ ಕೆಲಸ ಅವರ ಕೈಗೆ ಸಿಕ್ಕಿತು. ಎಲ್ಲರೂ ಅವರಷ್ಟು ಪ್ರತಿಭಾವಂತರಾಗಿರಬೇಕಿಲ್ಲ. ಇವತ್ತಿಗೂ ಎಷ್ಟೋ ಸಂಶೋಧನಾಲಯಗಳಲ್ಲಿ, ಹಿಂದಿನ ವಿದ್ಯಾರ್ಥಿ ಬರೆದು ಬಿಟ್ಟುಹೋದ ಕೋಡ್ ಯಾರಿಗೂ ಅರ್ಥವಾಗದೆ ಬಿದ್ದಿರುತ್ತದೆ. ಅದನ್ನು ಸರಿಯಾಗಿ ಬರೆದು, ಟೆಸ್ಟ್ ಮಾಡಿ, ಬೇರೆಯವರೂ ಬಳಸುವ ಹಾಗೆ ಮಾಡುವವರಿಗೆ 2012ರಲ್ಲಿ ಬ್ರಿಟನ್ನಿನಲ್ಲಿ ಒಂದು ಹೆಸರು ಸಿಕ್ಕಿತು: ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್. 2019ರಲ್ಲಿ ಅವರದ್ದೇ ಒಂದು ಸೊಸೈಟಿಯೂ ಹುಟ್ಟಿತು. ಹವಾಮಾನ, ಖಗೋಳ, ಔಷಧ, ಭಾಷೆ, ಯಾವ ವಿಷಯವಾದರೂ ಸರಿ. ಆವೃತ್ತಿಗಳನ್ನು ಜೋಪಾನವಾಗಿ ಇಡುವುದು, ಟೆಸ್ಟ್ ಬರೆಯುವುದು, ಬಗ್ ಹುಡುಕುವುದು. ನಿಮಗೆ ದಿನನಿತ್ಯದ ಅಭ್ಯಾಸವಾಗಿರುವ ಇವೇ ಅಲ್ಲಿ ದೊಡ್ಡ ಸಹಾಯ.

ಪತ್ರಿಕೆಗಳಲ್ಲೂ ಹಾಗೆಯೇ. ವೆಬ್‌ಸೈಟು ಕಟ್ಟಲು ನಿಮ್ಮಲ್ಲಿ ಎಷ್ಟೋ ಜನ ಬಳಸುವ ಜಾಂಗೋ ಫ್ರೇಮ್‌ವರ್ಕ್ ಹುಟ್ಟಿದ್ದು ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಅಲ್ಲ, ಅಮೆರಿಕದ ಕ್ಯಾನ್ಸಸ್‌ನ ಒಂದು ಪತ್ರಿಕೆಯ ವೆಬ್ ವಿಭಾಗದಲ್ಲಿ. ಸುದ್ದಿಯ ಗಡುವು ಗಂಟೆಗಳ ಲೆಕ್ಕದಲ್ಲಿ ಇರುತ್ತದೆ. ಅಷ್ಟರೊಳಗೆ ಪುಟ ಕಟ್ಟಬೇಕು ಎಂಬ ಒತ್ತಡದಲ್ಲೇ ಅದು ರೂಪುಗೊಂಡಿತು. 2005ರಲ್ಲಿ ಎಲ್ಲರಿಗೂ ಬಿಡುಗಡೆಯಾಯಿತು. 2016ರ ಪನಾಮಾ ಪೇಪರ್ಸ್, ಅಂದರೆ ವಿದೇಶಗಳಲ್ಲಿ ಗುಟ್ಟಾಗಿ ಕಂಪನಿ ಇಟ್ಟವರ ಬಗ್ಗೆ ಸೋರಿಕೆಯಾದ ದಾಖಲೆಗಳು, ನೆನಪಿದೆಯಲ್ವಾ? 1 ಕೋಟಿ 15 ಲಕ್ಷ ದಾಖಲೆಗಳು, 2.6 ಟೆರಾಬೈಟ್. ಅಷ್ಟನ್ನು ವರದಿಗಾರರು ಒಂದೊಂದಾಗಿ ಓದಲು ಸಾಧ್ಯವೇ ಇಲ್ಲ. ಸ್ಕ್ಯಾನ್ ಆದ ಕಾಗದಗಳಿಂದ ಅಕ್ಷರ ಬಿಡಿಸಿ, ಹುಡುಕುವ ವ್ಯವಸ್ಥೆ ಕಟ್ಟಿ, ಯಾವ ಕಂಪನಿಯ ಹಿಂದೆ ಯಾರಿದ್ದಾರೆ ಎಂದು ಗ್ರಾಫ್ ಡೇಟಾಬೇಸಿನಲ್ಲಿ ತೋರಿಸಿದವರು ತಂತ್ರಜ್ಞರು. ಡೇಟಾ ಪತ್ರಿಕೋದ್ಯಮ ಎಂದು ಇದನ್ನು ಕರೆಯುತ್ತಾರೆ. ಎಸ್‌ಕ್ಯುಎಲ್ ಗೊತ್ತಿದ್ದು, ಒಂದು ಅಂಕಿಯನ್ನು ಸುಮ್ನೆ ನಂಬದೆ ಇನ್ನೊಮ್ಮೆ ಪರೀಕ್ಷಿಸುವ ಸ್ವಭಾವ ನಿಮ್ಮದಾಗಿದ್ದರೆ ಇಲ್ಲಿ ನಿಮಗೆ ಜಾಗವಿದೆ.

ನನಗೆ ತುಂಬಾ ಮುಖ್ಯ ಅನ್ನಿಸುವ ಇನ್ನೊಂದು ದಾರಿ ಆಕ್ಸೆಸಿಬಿಲಿಟಿ. ಅಂದರೆ ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲಾಗದವರು, ಎಲ್ಲರೂ ವೆಬ್‌ಸೈಟು, ಆಪ್‌ಗಳನ್ನು ಬಳಸುವಂತೆ ಮಾಡುವ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಗಣನೀಯ ಪ್ರಮಾಣದ ಅಂಗವೈಕಲ್ಯವಿದೆ. ವೆಬ್ ಹೇಗಿರಬೇಕು ಎಂಬ ಮಾರ್ಗಸೂಚಿ 1999ರಲ್ಲೇ ಬಂತು. ಅದರ 2.2ನೇ ಆವೃತ್ತಿ 2023ರಲ್ಲಿ ಬಂತು. ಮಾಮೂಲಿ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕು ಎಂಬಷ್ಟು ಖಚಿತವಾಗಿ ಅದರಲ್ಲಿ ಬರೆದಿದ್ದಾರೆ. ಆದರೂ ಹೆಸರಿಲ್ಲದ ಬಟನ್ನುಗಳು, ಕೀಬೋರ್ಡಿನಿಂದ ತಲುಪಲಾಗದ ಫಾರ್ಮ್‌ಗಳು ಎಲ್ಲೆಲ್ಲೂ ಇವೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಒಂದು ಬಿಲ್ ಕಟ್ಟಲೂ ಬೇರೆಯವರನ್ನು ಕರೆಯಬೇಕಾಗುತ್ತದೆ. ಒಂದು ಲೇಬಲ್ ಸೇರಿಸಿದ್ದರೆ ಅವರೇ ಕಟ್ಟಿಕೊಳ್ಳಬಹುದಿತ್ತು. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಯುರೋಪಿನಲ್ಲಿ 2025ರ ಜೂನ್ 28ರಿಂದ ಆಕ್ಸೆಸಿಬಿಲಿಟಿ ಕಡ್ಡಾಯ ಮಾಡುವ ಕಾನೂನು ಖಾಸಗಿ ಕಂಪನಿಗಳಿಗೂ ಅನ್ವಯವಾಗತೊಡಗಿದೆ. ಹಾಗಾಗಿ ಇದನ್ನು ಪರೀಕ್ಷಿಸುವವರು, ಕಲಿಸುವವರು ಬೇಕಾಗಿದ್ದಾರೆ. ಫ್ರಂಟ್ ಎಂಡ್ ಕೆಲಸ ಮಾಡಿದವರಿಗೂ ಟೆಸ್ಟಿಂಗ್ ಮಾಡಿದವರಿಗೂ ಇದು ಬಹಳ ಹತ್ತಿರದ ದಾರಿ.

ಉಳಿದ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಬರೆಯುವುದು ಇಷ್ಟವಿದ್ದರೆ ಟೆಕ್ನಿಕಲ್ ರೈಟಿಂಗ್, ಅಂದರೆ ಸಾಫ್ಟ್‌ವೇರ್ ಬಳಸುವವರಿಗೆ ಕೈಪಿಡಿ ಬರೆಯುವ ಕೆಲಸ. ಕಾನೂನಿನ ಕಡೆ ಒಲವಿದ್ದರೆ, ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ಹಾಕುವ ಪೇಟೆಂಟ್ ಏಜೆಂಟ್ ಆಗಬಹುದು. ಭಾರತ, ಅಮೆರಿಕ ಎರಡರಲ್ಲೂ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯ ಜೊತೆ ಪೇಟೆಂಟ್ ಏಜೆಂಟ್ ಪರೀಕ್ಷೆ ಪಾಸಾದರೆ ಸಾಕು, ಕಾನೂನು ಪದವಿ ಕಡ್ಡಾಯವಲ್ಲ. ಕಲಿಸುವುದು ಇಷ್ಟವಿದ್ದರೆ, 1998ರಲ್ಲಿ ಶುರುವಾದ ಸಾಫ್ಟ್‌ವೇರ್ ಕಾರ್ಪೆಂಟ್ರಿಯಂಥ ಕೂಟಗಳು ಸಂಶೋಧಕರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತವೆ. ನಕ್ಷೆ ಇಷ್ಟವಿದ್ದರೆ, ಯಾರು ಬೇಕಾದರೂ ಸೇರಿ ಬರೆಯಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜಗತ್ತಿನ ನಕ್ಷೆ ಇದೆ. 2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಎಲ್ಲೆಲ್ಲೋ ಕುಳಿತ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ರಸ್ತೆಗಳನ್ನು ಗುರುತಿಸಿದರು. ರಕ್ಷಣಾ ತಂಡಗಳು ಆ ನಕ್ಷೆಯನ್ನು ಬಳಸಿದವು.

ಮ್ಯಾನೇಜರ್ ಆಗುವ ದಾರಿಯನ್ನು ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಅದನ್ನು ಎಲ್ಲರೂ ಹೇಳುತ್ತಾರೆ. ಜನರೊಂದಿಗೆ ಮಾತಾಡುವುದು, ಜಗಳ ಬಿಡಿಸುವುದು, ಹೊಸಬರನ್ನು ಬೆಳೆಸುವುದು ನಿಮಗೆ ಖುಷಿ ಕೊಟ್ಟರೆ ಖಂಡಿತ ಹೋಗಿ. ಸಂಬಳ ಏರಲು ಬೇರೆ ದಾರಿ ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಹೋಗಬೇಡಿ. ಅದರಿಂದ ನಿಮಗೂ ಕಷ್ಟ, ನಿಮ್ಮ ಕೈಕೆಳಗಿನವರಿಗೆ ಇನ್ನೂ ಜಾಸ್ತಿ ಕಷ್ಟ.

ಕಂಪ್ಯೂಟರಿನ ಸಹವಾಸವೇ ಬೇಡ ಎನ್ನುವವರೂ ಇದ್ದಾರೆ. ಆ ಆಸೆಯನ್ನು ಹಗುರವಾಗಿ ಕಾಣಬಾರದು. ಆದರೆ ಒಂದು ಮಾತು. ನಿಮಗೆ ಸಾಕಾಗಿರುವುದು ಕೆಲಸವೋ, ಈಗಿರುವ ಜಾಗವೋ? ಮೇಲಿನವರ ಕಿರುಕುಳ, ನಿದ್ದೆ ಇಲ್ಲದ ಪಾಳಿ, ಮುಗಿಯದ ಮೀಟಿಂಗುಗಳು ಕಾರಣವಾದರೆ, ತಂಡ ಬದಲಾಯಿಸಿ ಅಥವಾ ಕಂಪನಿ ಬದಲಾಯಿಸಿ. ಚೆನ್ನಾಗಿ ವಿಶ್ರಾಂತಿ ತೆಗೆದುಕೊಂಡ ಮೇಲೂ, ಒಳ್ಳೆಯ ತಂಡದಲ್ಲೂ, ಬೆಳಿಗ್ಗೆ ಎಡಿಟರ್ ತೆರೆಯಲು ಮನಸ್ಸೇ ಬರುವುದಿಲ್ಲ ಎಂದಾದರೆ ಆಗ ದಾರಿ ಬದಲಿಸುವ ಮಾತು. ದಣಿದಿರುವಾಗ ಮಾಡಿದ ತೀರ್ಮಾನದ ಮೇಲೆ ರಾಜೀನಾಮೆ ಬರೆಯಬೇಡಿ.

ಹಣದ ವಿಷಯವನ್ನೂ ಬಿಚ್ಚಿ ಹೇಳಬೇಕು. ನಾನು ಹೇಳಿದ ದಾರಿಗಳಲ್ಲಿ ಬಹಳಷ್ಟು ಕಡೆ ಮೊದಲಿಗೆ ಸಂಬಳ ಕಡಿಮೆಯಾಗುತ್ತದೆ. ವಿಶ್ವವಿದ್ಯಾಲಯಗಳು, ಪತ್ರಿಕೆಗಳು ದೊಡ್ಡ ಕಂಪನಿಗಳಷ್ಟು ಕೊಡಲಾರವು. ಸಾಲದ ಕಂತು ಇದ್ದವರು, ಮನೆಯ ಭಾರ ಹೊತ್ತವರು ಮೊದಲೇ ಲೆಕ್ಕ ಹಾಕಿ. ಹೊಸ ಸಂಬಳ ಎಷ್ಟು ಬರಬಹುದೋ ಅಷ್ಟರಲ್ಲೇ ಆರು ತಿಂಗಳು ಬದುಕಿ ನೋಡಿ. ಉಳಿದದ್ದು ಉಳಿತಾಯಕ್ಕೆ ಹೋಗಲಿ. ಆಗುತ್ತದೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಮತ್ತೆ ಹೊಸಬರಾಗುವುದು ಇನ್ನೊಂದು ಕಷ್ಟ. ನಿನ್ನೆವರೆಗೆ ಎಲ್ಲರೂ ನಿಮ್ಮನ್ನು ಕೇಳುತ್ತಿದ್ದರು, ಈಗ ಜೀನ್ ಎಂದರೇನು, ಕಾಪಿ ಡೆಸ್ಕ್ ಎಂದರೇನು ಎಂದು ನೀವೇ ಕೇಳಬೇಕು. ಅಲ್ಲಿಯವರಿಗೆ ಕೋಡ್ ಬರುವುದಿಲ್ಲ ಎಂದು ಅವರನ್ನು ಕೀಳಾಗಿ ಕಂಡಿರೋ, ಎಷ್ಟೇ ಜಾಣರಾಗಿದ್ದರೂ ಅಲ್ಲಿ ನಿಲ್ಲಲು ಆಗುವುದಿಲ್ಲ.

ಕೆಲಸ ಬಿಡುವ ಮುಂಚೆ ರುಚಿ ನೋಡಲು ದಾರಿಗಳಿವೆ. ಟೆಕ್ನಿಕಲ್ ರೈಟಿಂಗ್ ಬೇಕೆನಿಸಿದರೆ ನೀವು ಬಳಸುವ ಯಾವುದಾದರೂ ಓಪನ್ ಸೋರ್ಸ್ ಸಾಫ್ಟ್‌ವೇರಿನ ಕೈಪಿಡಿ ತೆರೆಯಿರಿ. ಅರ್ಥವಾಗದ ಒಂದು ಪುಟ ತೆಗೆದುಕೊಂಡು ತಿದ್ದಿ ಕಳಿಸಿ. ಆಕ್ಸೆಸಿಬಿಲಿಟಿ ಆದರೆ ನಿಮ್ಮ ತಂಡದ ಆಪನ್ನೇ ಒಂದು ಸಂಜೆ ಮೌಸ್ ಮುಟ್ಟದೆ, ಸ್ಕ್ರೀನ್ ರೀಡರ್ ಹಾಕಿಕೊಂಡು ಬಳಸಿ ನೋಡಿ. ಡೇಟಾ ಪತ್ರಿಕೋದ್ಯಮವಾದರೆ ಸರ್ಕಾರ ಸಾರ್ವಜನಿಕವಾಗಿ ಇಟ್ಟಿರುವ ಒಂದು ಅಂಕಿಪಟ್ಟಿ ತೆಗೆದುಕೊಂಡು, ಅದರಿಂದ ಸಾಮಾನ್ಯ ಓದುಗರಿಗೆ ತಿಳಿಯುವ ಹಾಗೆ ಒಂದು ಪುಟ ಬರೆಯಿರಿ. ಈ ಕೆಲಸಗಳನ್ನು ಮಾಡುವಾಗ ಹೊತ್ತು ಹೋದದ್ದು ತಿಳಿಯಿತೋ ಇಲ್ಲವೋ ಗಮನಿಸಿ.

ಆಮೇಲೆ ಆ ಕೆಲಸದಲ್ಲಿ ಈಗಾಗಲೇ ಇರುವ ಒಬ್ಬರನ್ನು ಹುಡುಕಿ ಅರ್ಧ ಗಂಟೆ ಮಾತಾಡಿ. "ಈ ಕ್ಷೇತ್ರಕ್ಕೆ ಭವಿಷ್ಯ ಇದೆಯಾ?" ಎಂದು ಕೇಳಬೇಡಿ. ಅದಕ್ಕೆ ಯಾರೂ ಸರಿಯಾದ ಉತ್ತರ ಕೊಡಲಾರರು. ಕಳೆದ ವಾರ ಸೋಮವಾರದಿಂದ ಶುಕ್ರವಾರದವರೆಗೆ ಏನೇನು ಮಾಡಿದಿರಿ ಎಂದು ಕೇಳಿ. ಅದರಲ್ಲಿ ಬೇಸರ ತಂದದ್ದು ಯಾವುದು ಎಂದು ಕೇಳಿ. ನನ್ನಂಥವರು ಬಂದರೆ ಮೊದಲು ಯಾವ ಕೆಲಸ ಕೊಡುತ್ತೀರಿ ಎಂದೂ ಕೇಳಿ. ನಮಸ್ಕಾರ.