ಟೆಲಿಸ್ಕೋಪ್‌ಗಿಂತ ಮೊದಲು ಮೌಂಟ್: ಹಿತ್ತಲಿನಿಂದ ಮಹಾವ್ಯಾಧ ನೀಹಾರಿಕೆ

ನಮಸ್ಕಾರ ಎಲ್ಲರಿಗೂ. ಈಗ ನಿಮ್ಮ ಮುಂದಿರುವುದು ಮಹಾವ್ಯಾಧ (ಓರಿಯನ್) ನೀಹಾರಿಕೆ, ಅನಿಲ ಮತ್ತು ಧೂಳಿನ ಒಂದು ದೊಡ್ಡ ಮೋಡ. ಫ್ರಾನ್ಸಿನ ಖಗೋಳಜ್ಞ ಮೆಸ್ಸಿಯೆ ಮಾಡಿದ ಪಟ್ಟಿಯಲ್ಲಿ ಇದರ ಸಂಖ್ಯೆ 42, ಅದಕ್ಕೇ ಎಂ42 ಅಂತ ಕರೆಯುತ್ತಾರೆ. ನಮ್ಮಿಂದ ಸುಮಾರು 1,350 ಜ್ಯೋತಿರ್ವರ್ಷ ದೂರ. ಅಲ್ಲಿ ಇವತ್ತಿಗೂ ಹೊಸ ನಕ್ಷತ್ರಗಳು ಹುಟ್ಟುತ್ತಲೇ ಇವೆ. ಈ ಫೋಟೋ ತೆಗೆದದ್ದು ಮನೆಯ ಹಿತ್ತಲಿನಿಂದ, 72 ಮಿಲಿಮೀಟರ್ ಅಗಲದ ಲೆನ್ಸಿನ ಒಂದು ಚಿಕ್ಕ ಟೆಲಿಸ್ಕೋಪಿನಲ್ಲಿ.

ಫೋಟೋ ನೋಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಟೆಲಿಸ್ಕೋಪ್ ಯಾವುದು? ನಾನು ಮೊದಲು ತೋರಿಸಬೇಕು ಅಂದುಕೊಂಡಿರುವುದು ಅದರ ಕೆಳಗಿರುವುದನ್ನು. ಮೂರು ಕಾಲಿನ ಮೇಲೆ ಕೂತಿರುವ ಈ ದಪ್ಪ ಕಬ್ಬಿಣದ ತಲೆ ಇದೆಯಲ್ಲ, ಇದೇ ಮೌಂಟ್. ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವುದು ಇದರ ಕೆಲಸ. ನಿಮ್ಮ ಹತ್ತಿರ ಇರುವ ದುಡ್ಡಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗಲಿ. ಟೆಲಿಸ್ಕೋಪ್ ಚಿಕ್ಕದಾದರೂ ಪರವಾಗಿಲ್ಲ. ಮೌಂಟ್ ಅಲುಗಾಡಿದರೆ ಎಂಥ ಟೆಲಿಸ್ಕೋಪ್ ಇದ್ದರೂ ನಕ್ಷತ್ರ ಚುಕ್ಕೆಯಾಗಿ ಬರುವುದಿಲ್ಲ, ಗೀಟಾಗಿ ಬರುತ್ತದೆ.

ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. ಆಕಾಶದಲ್ಲಿ ಕೋನ ಅಳೆಯಲು ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಭೂಮಿ ತಿರುಗುವುದರಿಂದ ಆಕಾಶ ಪ್ರತಿ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ, ಅಂದರೆ 1,800 ಆರ್ಕ್‌ಸೆಕೆಂಡ್. ಎರಡೇ ನಿಮಿಷದಲ್ಲಿ ಆಕಾಶ ಒಂದು ಚಂದ್ರನಷ್ಟು ಜರುಗಿರುತ್ತದೆ. ನನ್ನ ಟೆಲಿಸ್ಕೋಪಿನ ಫೋಕಲ್ ಲೆಂತ್, ಅಂದರೆ ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕೆ ಇರುವ ದೂರ, 400 ಮಿಲಿಮೀಟರ್, ಕ್ಯಾಮೆರಾದ ಒಂದು ಪಿಕ್ಸೆಲ್ 3.76 ಮೈಕ್ರಾನ್. ಪಿಕ್ಸೆಲ್ ಅಳತೆಯನ್ನು 206ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿ. ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಅಂತ ಸಿಗುತ್ತದೆ. ಇಲ್ಲಿ ಹೆಚ್ಚು ಕಡಿಮೆ 2 ಆರ್ಕ್‌ಸೆಕೆಂಡ್. ಅಂದರೆ ಕ್ಯಾಮೆರಾ ಸುಮ್ನೆ ಒಂದು ಕಡೆ ನಿಂತಿದ್ದರೆ ಮಹಾವ್ಯಾಧನ ನಕ್ಷತ್ರಗಳು ಒಂದೇ ಸೆಕೆಂಡಿನಲ್ಲಿ ಏಳೆಂಟು ಪಿಕ್ಸೆಲ್ ಓಡಿರುತ್ತವೆ. ನಮಗೆ ಬೇಕಾಗಿರುವುದು ಎರಡು ನಿಮಿಷದ ಎಕ್ಸ್‌ಪೋಶರ್!

ಇದು ಹೊಸ ತೊಂದರೆ ಏನಲ್ಲ. 1883ರಲ್ಲಿ ಆಂಡ್ರೂ ಕಾಮನ್ ಅನ್ನುವವರು ಇದೇ ನೀಹಾರಿಕೆಯ ಫೋಟೋ ತೆಗೆದರು. ಅವರು ವೃತ್ತಿಯಿಂದ ಎಂಜಿನಿಯರ್, ಖಗೋಳ ಅವರ ಹವ್ಯಾಸ. ಲಂಡನ್ ಹತ್ತಿರದ ಈಲಿಂಗ್‌ನಲ್ಲಿ, ತಮ್ಮ ಮನೆಯ ತೋಟದಲ್ಲಿ 36 ಇಂಚಿನ ಕನ್ನಡಿಯ ಟೆಲಿಸ್ಕೋಪ್ ನಿಲ್ಲಿಸಿದ್ದರು. ಬರಿಗಣ್ಣಿಗಿರಲಿ, ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಆ ಫೋಟೋದಲ್ಲಿ ಮೂಡಿದ್ದವು. ನನಗೆ ಅದಕ್ಕಿಂತ ಇಷ್ಟವಾಗುವುದು ಅವರ ಮೌಂಟ್. ಅಷ್ಟು ಭಾರದ ಟೆಲಿಸ್ಕೋಪ್ ನುಣ್ಣಗೆ ತಿರುಗಲಿ ಅಂತ ಅದರ ಅಕ್ಷವನ್ನೇ ಪಾದರಸದಲ್ಲಿ ತೇಲಿಸಿದ್ದರು. ಆ ಕಾಲದಲ್ಲೇ ಅವರು ತಲೆ ಕೆಡಿಸಿಕೊಂಡಿದ್ದು ಇದೇ ವಿಷಯಕ್ಕೆ ನೋಡಿ.

ಸರಿ, ಈಗ ಕೆಲಸಕ್ಕೆ ಇಳಿಯೋಣ. ಸಂಜೆಯ ಬೆಳಕು ಇರುವಾಗಲೇ ಟ್ರೈಪಾಡ್ ಹಾಕುತ್ತೇನೆ. ಮೆತ್ತಗಿನ ಮಣ್ಣಾದರೆ ಕಾಲಿನ ಕೆಳಗೆ ಒಂದೊಂದು ಚಪ್ಪಟೆ ಕಲ್ಲು. ಇದು ಈಕ್ವಟೋರಿಯಲ್ ಮೌಂಟ್, ಇದಕ್ಕೆ ಎರಡು ಅಕ್ಷ. ಆಕಾಶ ಬೀಸುವ ಕಲ್ಲಿನ ಹಾಗೆ ಒಂದು ಗೂಟದ ಸುತ್ತ ತಿರುಗುತ್ತದೆ ಅಂದುಕೊಳ್ಳಿ. ಮೌಂಟಿನ ಒಂದು ಅಕ್ಷ ನೇರ ಆ ಗೂಟದ ಕಡೆಗೇ ಇರಬೇಕು. ಆಗ ಒಂದೇ ಮೋಟಾರು, ಒಂದೇ ವೇಗದಲ್ಲಿ ತಿರುಗಿದರೂ ನಕ್ಷತ್ರ ಇದ್ದಲ್ಲೇ ನಿಲ್ಲುತ್ತದೆ.

ಉತ್ತರಾರ್ಧ ಗೋಳದಲ್ಲಿ ಧ್ರುವ ನಕ್ಷತ್ರ ಆ ಗೂಟದ ತುದಿಯ ಹತ್ತಿರವೇ ಇದೆ. ಹತ್ತಿರ ಅಷ್ಟೇ, ಸರಿಯಾಗಿ ಅಲ್ಲೇ ಅಲ್ಲ. ಸುಮಾರು 0.65 ಡಿಗ್ರಿ ಪಕ್ಕಕ್ಕಿದೆ, ಒಂದು ಚಂದ್ರನ ಅಗಲಕ್ಕಿಂತ ಜಾಸ್ತಿ. ಅದಕ್ಕೇ ಧ್ರುವ ನಕ್ಷತ್ರವನ್ನು ನಟ್ಟನಡುವೆ ಇಟ್ಟರೆ ಸಾಲದು. ಮೌಂಟಿನೊಳಗಿನ ಪುಟ್ಟ ದುರ್ಬೀನು, ಪೋಲಾರ್ ಸ್ಕೋಪಿನಲ್ಲಿ ಒಂದು ವೃತ್ತ ಇರುತ್ತದೆ, ಆ ಹೊತ್ತಿಗೆ ನಕ್ಷತ್ರ ವೃತ್ತದ ಮೇಲೆ ಎಲ್ಲಿರಬೇಕೋ ಅಲ್ಲಿಗೆ ತರಬೇಕು. ಆ ಹೊತ್ತಿನ ಜಾಗವನ್ನು ಮೊಬೈಲ್ ಆ್ಯಪ್ ತೋರಿಸುತ್ತದೆ. ಧ್ರುವ ನಕ್ಷತ್ರ ಗೋಡೆಯ ಹಿಂದೆಯೋ ಮರದ ಹಿಂದೆಯೋ ಮರೆಯಾಗಿದ್ದರೂ ದಾರಿ ಇದೆ. ಕ್ಯಾಮೆರಾ, ಮೌಂಟ್ ಎರಡನ್ನೂ ಕಂಪ್ಯೂಟರಿನಿಂದ ನಡೆಸುವ ನೀನಾ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಒಂದು ಪ್ಲಗಿನ್ ಸಿಗುತ್ತದೆ. ಅದು ಆಕಾಶದ ಬೇರೆ ಯಾವುದೋ ಭಾಗದಲ್ಲಿ ಮೂರು ಫೋಟೋ ತೆಗೆದು, ಮೌಂಟ್ ಎಷ್ಟು ಓರೆಯಾಗಿದೆ ಅಂತ ಹೇಳುತ್ತದೆ. ನಾವು ತಿರುಪು ತಿರುಗಿಸುತ್ತಾ ಹೋದರೆ ಆಯಿತು.

ಇನ್ನು ತೂಕ. ಒಂದು ಕಡೆ ಟೆಲಿಸ್ಕೋಪ್, ಇನ್ನೊಂದು ಕಡೆ ಭಾರದ ಗುಂಡು, ಎರಡೂ ಸಮ ಇರಬೇಕು. ಆದರೆ ಹಲ್ಲಿನ ಚಕ್ರ ಇರುವ ಮೌಂಟಿನಲ್ಲಿ ಪೂರ್ವದ ಕಡೆ ಒಂದು ಚೂರು ಭಾರ ಜಾಸ್ತಿ ಬಿಡುತ್ತೇನೆ. ಹಾಗೆ ಮಾಡಿದರೆ ಚಕ್ರದ ಹಲ್ಲು ಯಾವಾಗಲೂ ಒಂದೇ ಬದಿಗೆ ಒತ್ತಿಕೊಂಡಿರುತ್ತದೆ, ಸಡಿಲಾಗಿ ಹಿಂದೆ ಮುಂದೆ ಆಡುವುದಿಲ್ಲ. ಮೌಂಟ್ ಕೊಳ್ಳುವಾಗಲೂ ಒಂದು ಮಾತು ನೆನಪಿಟ್ಟುಕೊಳ್ಳಿ: ಅದು ಇಷ್ಟು ಕಿಲೋ ಹೊರುತ್ತದೆ ಅಂತ ಬರೆದಿದ್ದರೆ ಫೋಟೋಗ್ರಫಿಗೆ ಅದರ ಅರ್ಧದಷ್ಟು ಮಾತ್ರ ಹೊರಿಸುವುದು ವಾಸಿ.

ಇಷ್ಟಾದರೂ ಯಾವ ಚಕ್ರವೂ ನೂರಕ್ಕೆ ನೂರು ಸರಿ ಇರುವುದಿಲ್ಲ. ತಿರುಗುವಾಗ ಒಮ್ಮೆ ಸ್ವಲ್ಪ ಮುಂದೆ, ಒಮ್ಮೆ ಸ್ವಲ್ಪ ಹಿಂದೆ ಆಗುತ್ತದೆ. ಅದನ್ನು ಹಿಡಿಯುವುದಕ್ಕೆ ಈ ಪುಟ್ಟ ಗೈಡ್ ಸ್ಕೋಪ್. ಇದರ ಹಿಂದಿನ ಕ್ಯಾಮೆರಾ ಒಂದೆರಡು ಸೆಕೆಂಡಿಗೊಮ್ಮೆ ನಕ್ಷತ್ರವನ್ನು ನೋಡುತ್ತದೆ. ಕೂದಲೆಳೆಯಷ್ಟು ಸರಿದರೂ ಪಿಎಚ್‌ಡಿ2 ಸಾಫ್ಟ್‌ವೇರ್ ಮೌಂಟಿಗೆ ಹೇಳಿ ಸರಿಪಡಿಸುತ್ತದೆ. ತೆರೆಯ ಮೇಲಿನ ಈ ನೀಲಿ, ಕೆಂಪು ಗೆರೆಗಳನ್ನು ನೋಡಿ. ಸೊನ್ನೆಯ ಆಚೀಚೆ ಸಣ್ಣಗೆ ಏರುತ್ತಾ ಇಳಿಯುತ್ತಾ ಹೋಗುತ್ತಿವೆ. ಒಟ್ಟು ತಪ್ಪು ಒಂದು ಆರ್ಕ್‌ಸೆಕೆಂಡಿಗಿಂತ ಕಡಿಮೆ. ನಮ್ಮ ಪಿಕ್ಸೆಲ್ ಎರಡು ಆರ್ಕ್‌ಸೆಕೆಂಡ್ ಇದೆಯಲ್ಲ, ಹಾಗಾಗಿ ಧಾರಾಳ ಸಾಕು. ಈ ಗ್ರಾಫ್ ಹೀಗೆ ಶಾಂತವಾಗಿದ್ದರೆ ನನಗೆ ಆಗುವ ಖುಷಿಯೇ ಬೇರೆ.

ಫೋಕಸ್‌ಗೆ ಬಾಹ್ಟಿನೋವ್ ಮಾಸ್ಕ್ ಬಳಸುತ್ತೇನೆ. ಸೀಳುಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ, ಅಷ್ಟೇ. ರಷ್ಯಾದ ಹವ್ಯಾಸಿ ಪಾವೆಲ್ ಬಾಹ್ಟಿನೋವ್ ಇದನ್ನು ಕಂಡುಹಿಡಿದರು. ಮುಂದೆ ಸಿಕ್ಕಿಸಿ ಪ್ರಕಾಶವಾದ ನಕ್ಷತ್ರ ನೋಡಿದರೆ ಮೂರು ಕಿರಣ ಕಾಣುತ್ತವೆ. ನಡುವಿನ ಕಿರಣ ಉಳಿದೆರಡರ ಸರಿಯಾದ ಮಧ್ಯಕ್ಕೆ ಬಂದರೆ ಫೋಕಸ್ ಕೂತಿತು ಅಂತ ಅರ್ಥ. ರಾತ್ರಿ ತಣ್ಣಗಾದಂತೆ ಕೊಳವೆ ಕುಗ್ಗಿ ಫೋಕಸ್ ಜರುಗುತ್ತದೆ, ನಡುವೆ ಇನ್ನೊಮ್ಮೆ ನೋಡಲೇಬೇಕು. ಇಬ್ಬನಿ ಬೀಳುವ ಕಾಲವಾದರೆ ಲೆನ್ಸಿನ ಸುತ್ತ ಹೀಟರ್ ಪಟ್ಟಿ ಕಟ್ಟಿಬಿಡಿ.

ಈಗ ಕ್ಯಾಮೆರಾ ತನ್ನ ಪಾಡಿಗೆ ಎರಡೆರಡು ನಿಮಿಷದ ಫ್ರೇಮ್, ಅಂದರೆ ಬಿಡಿ ಫೋಟೋ, ತೆಗೆಯುತ್ತಿದೆ. ಕೊನೆಗೆ ಇವನ್ನೆಲ್ಲ ಕೂಡಿಸಿ ಒಂದೇ ಚಿತ್ರ ಮಾಡುತ್ತೇನೆ. ನನಗೆ ಈ ಹವ್ಯಾಸದಲ್ಲಿ ಅತಿ ಪ್ರೀತಿಯ ಹೊತ್ತು ಇದು. ಲ್ಯಾಪ್‌ಟಾಪ್ ಮುಚ್ಚಿ, ಚಾಪೆ ಹಾಸಿ, 10x50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿಲಿಮೀಟರ್ ಲೆನ್ಸಿನದು) ಹಿಡಿದು ಮಲಗುತ್ತೇನೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಮ್ಮೆ ಮೊಬೈಲ್ ನೋಡಿದರೆ ಎಲ್ಲ ಮತ್ತೆ ಮೊದಲಿನಿಂದ ಶುರು. ಹಾಗಾಗಿ ಮಂದವಾದ ಕೆಂಪು ಟಾರ್ಚ್ ಮಾತ್ರ ಹತ್ತಿರ ಇಟ್ಟುಕೊಳ್ಳಿ.

ಕೃತ್ತಿಕೆ ಬರಿಗಣ್ಣಿಗೆ ಐದಾರು ನಕ್ಷತ್ರಗಳ ಗೊಂಚಲು. ಬೈನಾಕ್ಯುಲರಿನಲ್ಲಿ ಹತ್ತಾರು ನಕ್ಷತ್ರ ಒಟ್ಟಿಗೆ ಎದ್ದು ಬರುತ್ತವೆ. ಆಂಡ್ರೊಮಿಡಾ ಗ್ಯಾಲಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರ. ಅದನ್ನು ನೆಟ್ಟ ನೋಟದಿಂದ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಡಿ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ಅಂಚಿನ ಕಡೆಗೇ ಜಾಸ್ತಿ, ಆಗ ಆ ಮಸುಕು ಉದ್ದಕ್ಕೆ ಹರಡಿಕೊಂಡಂತೆ ಕಾಣುತ್ತದೆ. ಆ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಅದಕ್ಕೇ ಮಹಾವ್ಯಾಧ ನೀಹಾರಿಕೆ ಕಣ್ಣಿಗೆ ಬೂದುಬಣ್ಣ, ಫೋಟೋದಲ್ಲಿ ಕೆಂಪು. ಆ ಕೆಂಪು ಹೈಡ್ರೋಜನ್ನಿನದು, 656 ನ್ಯಾನೋಮೀಟರ್ ಬೆಳಕು. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳ ಒಳಗಿನ ಫಿಲ್ಟರ್ ಈ ಬೆಳಕನ್ನು ಬಹುಪಾಲು ತಡೆಯುತ್ತದೆ. ಅದಕ್ಕೇ ಕೆಲವರು ಆ ಫಿಲ್ಟರ್ ತೆಗೆಸಿಬಿಡುತ್ತಾರೆ.

ಬೀದಿ ದೀಪ ಜಾಸ್ತಿ ಇರುವವರು ಬೇಸರ ಮಾಡಿಕೊಳ್ಳಬೇಡಿ. ಡ್ಯುಯಲ್ ಬ್ಯಾಂಡ್ ಫಿಲ್ಟರ್ ಅಂತ ಬರುತ್ತದೆ. ಅದು ಹೈಡ್ರೋಜನ್, ಆಮ್ಲಜನಕ ಸೂಸುವ ಎರಡು ಸಣ್ಣ ಪಟ್ಟಿಯ ಬೆಳಕು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ನೀಹಾರಿಕೆಗಳಿಗೆ ತುಂಬಾ ಒಳ್ಳೆಯದು. ಗ್ಯಾಲಕ್ಸಿಗಳಿಗೆ ಅಷ್ಟು ಉಪಯೋಗವಿಲ್ಲ, ಅವುಗಳದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣವೂ ಅದರಲ್ಲಿರುತ್ತದೆ. ಅವಕ್ಕೆ ಕತ್ತಲೆಯ ಜಾಗವೇ ಬೇಕು.

ಎಷ್ಟು ಫ್ರೇಮ್ ತೆಗೆಯಬೇಕು? ನಾಲ್ಕು ಪಟ್ಟು ಸಮಯ ಕೊಟ್ಟರೆ ಚಿತ್ರ ಎರಡು ಪಟ್ಟು ಸ್ವಚ್ಛ ಆಗುತ್ತದೆ, ಕಾಳುಕಾಳಾಗಿ ಕಾಣುವ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ಒಂದು ಗಂಟೆಯದಕ್ಕೂ ನಾಲ್ಕು ಗಂಟೆಯದಕ್ಕೂ ಇರುವ ವ್ಯತ್ಯಾಸ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಗೊತ್ತಾಗುತ್ತದೆ, ಈಗ ತೆರೆಯ ಮೇಲೆ ನೋಡಿ. ಎಡಗಡೆ ನೀಹಾರಿಕೆಯ ರೆಕ್ಕೆ ಅರ್ಧಕ್ಕೇ ಕರಗಿಹೋಗಿದೆ. ಬಲಗಡೆ ಅದೇ ರೆಕ್ಕೆ ಸುತ್ತಿಕೊಂಡು ಹೋಗುವುದು, ಅದರ ಹಿಂದಿನ ಕಂದು ಬಣ್ಣದ ಧೂಳು ಎಲ್ಲವೂ ಇದೆ. ಒಂದೇ ರಾತ್ರಿ ಆಗಬೇಕು ಅಂತೇನಿಲ್ಲ, ಬೇರೆ ಬೇರೆ ರಾತ್ರಿಗಳದನ್ನು ಸೇರಿಸಬಹುದು. ನಡುವೆ ಉಪಗ್ರಹ ಹಾದುಹೋಗಿ ಗೀಟು ಬಿದ್ದರೂ ಚಿಂತೆ ಬೇಡ, ಎಲ್ಲ ಫ್ರೇಮ್ ಕೂಡಿಸುವಾಗ ಸಾಫ್ಟ್‌ವೇರ್ ಅದನ್ನು ಹೊರಗೆ ಹಾಕುತ್ತದೆ.

ಮುಗಿಸುವಾಗ ಕ್ಯಾಮೆರಾ ಬಿಚ್ಚುವ ಮೊದಲು ಫ್ಲ್ಯಾಟ್ ತೆಗೆಯಿರಿ. ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಸಮನಾದ ಬೆಳಕು ಹಿಡಿದು ತೆಗೆಯುವ ಫ್ರೇಮ್‌ಗಳು ಇವು. ಸೆನ್ಸರ್ ಮೇಲಿನ ಧೂಳಿನ ಕಲೆ, ಮೂಲೆಯ ಕಪ್ಪು ಎರಡನ್ನೂ ಇವು ಅಳಿಸುತ್ತವೆ. ಆಮೇಲೆ ಮುಚ್ಚಳ ಹಾಕಿ, ಅದೇ ಉಷ್ಣಾಂಶದಲ್ಲಿ, ಅದೇ ಎರಡು ನಿಮಿಷದ ಡಾರ್ಕ್ ಫ್ರೇಮ್. ಕತ್ತಲಲ್ಲೂ ಸೆನ್ಸರ್ ತಾನೇ ಹುಟ್ಟಿಸುವ ಚುಕ್ಕೆಗಳನ್ನು ಕಳೆಯುವುದಕ್ಕೆ ಇವು. ಇವೆಲ್ಲ ಫ್ರೇಮ್ ಕೂಡಿಸುವ ಸಿರಿಲ್ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಹೋಗುತ್ತವೆ.

ಎಂ42 ವಿಷಯದಲ್ಲಿ ಇನ್ನೊಂದು ಕೆಲಸ ಇದೆ. ಇದರ ನಡುಭಾಗ ಎಷ್ಟು ಪ್ರಕಾಶ ಅಂದರೆ ಎರಡು ನಿಮಿಷಕ್ಕೆ ಪೂರ್ತಿ ಬೆಳ್ಳಗಾಗಿಬಿಡುತ್ತದೆ. ಅಲ್ಲೇ ಇರುವುದು ಟ್ರಪೀಜಿಯಂ, ಇಡೀ ನೀಹಾರಿಕೆಯನ್ನು ಬೆಳಗುತ್ತಿರುವ ನಾಲ್ಕು ಎಳೆಯ ನಕ್ಷತ್ರಗಳ ಗುಂಪು. ಅದು ಬೇಕಾದರೆ ಐದು, ಹತ್ತು ಸೆಕೆಂಡಿನ ಫ್ರೇಮ್‌ಗಳನ್ನೂ ಒಂದಿಷ್ಟು ತೆಗೆದಿಡಬೇಕು. ಅವನ್ನು ಬೇರೆಯಾಗಿ ಕೂಡಿಸಿ, ನಡುಭಾಗಕ್ಕೆ ಮಾತ್ರ ಹೊಂದಿಸುವುದನ್ನು ಮುಂದಿನ ವಿಡಿಯೊದಲ್ಲಿ ಹಂತ ಹಂತವಾಗಿ ಮಾಡಿ ತೋರಿಸುತ್ತೇನೆ. ಅಷ್ಟರೊಳಗೆ ನೀವೂ ಚಿಕ್ಕ ಫ್ರೇಮ್‌ಗಳನ್ನು ತೆಗೆದಿಟ್ಟುಕೊಂಡಿರಿ, ಒಟ್ಟಿಗೇ ಕೂತು ಮಾಡೋಣ.