ಮಾಳಿಗೆ ನೀರಿಗೆ ಬೇರೆ ದಾರಿ

ಕೇಳುಗರಿಗೆಲ್ಲ ಶರಣು ಶರಣಾರ್ಥಿ.

ಹೋದ ಮಳೆಗಾಲದ ಒಂದು ಸಂಜೆ ಕಲಬುರಗಿಯಲ್ಲಿ ಧೋ ಅಂತ ಮಳೆ ಸುರಿಯಿತು. ನಮ್ಮ ಓಣಿಯ ತಗ್ಗಿನಲ್ಲಿ ಒಬ್ಬ ಅಜ್ಜಿಯ ಮನೆ ಇದೆ. ಮಳೆ ಶುರುವಾಗಿ ಅರ್ಧ ತಾಸಿಗೆ ಅವರ ಬಚ್ಚಲಿನ ಜಾಲರಿ ಗುಳುಗುಳು ಅನ್ನತೊಡಗಿತು. ಆಮೇಲೆ ಕಪ್ಪು ನೀರು ಉಕ್ಕಿತು. ನಾವು ಓಡಿ ಹೋಗುವಷ್ಟರಲ್ಲಿ ನೀರು ಫರಸಿ ಮೇಲೆ ಹರಿದು ಅಡುಗೆಮನೆ ಸೇರಿತ್ತು. ಜೋಳದ ಚೀಲದ ಬುಡ ತೊಯ್ದು ಹೋಗಿತ್ತು. "ಯಪ್ಪಾ, ಇದು ನಮ್ಮನಿ ನೀರಲ್ಲೋ" ಅಂದರು ಅಜ್ಜಿ. ಅವರು ಹೇಳಿದ್ದು ನಿಜ. ಅದರಲ್ಲಿ ನಮ್ಮ ಮಾಳಿಗೆಯ ನೀರೂ ಇತ್ತು.

ರಸ್ತೆ ಪಕ್ಕದ ಗಟಾರ ಇರುವುದು ಮಳೆನೀರಿಗೆ. ನೆಲದೊಳಗಿನ ಪೈಪು, ಅಂದರೆ ನಾವು ಯುಜಿಡಿ ಅನ್ನುವುದು, ಪಾಯಖಾನೆ, ಬಚ್ಚಲು, ಅಡುಗೆಮನೆಯ ನೀರಿಗೆ. ಆದರೆ ಮನೆ ಕಟ್ಟುವಾಗ ಗೌಂಡಿ ಕೇಳುತ್ತಾನೆ, ಮಾಳಿಗೆ ಪೈಪು ಎಲ್ಲಿಗೆ ಬಿಡಲಿ ಅಂತ. ಮನೆಯ ಹೊಲಸು ನೀರು ಯುಜಿಡಿಗೆ ಕೂಡುವ ಗುಂಡಿ, ಅಂದರೆ ಚೇಂಬರ್, ಹತ್ತಿರವೇ ಇರುತ್ತೆ. ಅಲ್ಲಿಗೇ ಕೂಡಿಸಿಬಿಡು ಅಂದುಬಿಡುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು.

ಒಂದು ಸಣ್ಣ ಲೆಕ್ಕ ಹಾಕೋಣ. ಮೂವತ್ತು ನಲವತ್ತರ ಸೈಟು, ಅಷ್ಟೂ ಮಾಳಿಗೆ ಅಂತ ಇಟ್ಟುಕೊಳ್ಳಿ. ಒಂದು ತಾಸಿನಲ್ಲಿ 25 ಮಿಲಿಮೀಟರ್ ಮಳೆ ಬಿದ್ದರೆ 2,700 ಲೀಟರಿಗೂ ಜಾಸ್ತಿ ನೀರು ಕೆಳಗಿಳಿಯುತ್ತೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಹಿಡಿದು ಯುಜಿಡಿ ಯೋಜನೆ ಮಾಡುತ್ತಾರೆ. ಅದರಲ್ಲಿ ನೂರಕ್ಕೆ 80 ಪಾಲು ಪೈಪಿಗೆ ಬರುತ್ತೆ. ಐದು ಮಂದಿಯ ಮನೆಗೆ ದಿನಕ್ಕೆ 540 ಲೀಟರ್ ಆಯಿತು. ಅಂದರೆ ಐದು ದಿನದ ನೀರನ್ನು ಒಂದೇ ತಾಸಿನಲ್ಲಿ ಒಳಗೆ ನುಗ್ಗಿಸುತ್ತೇವೆ. ಓಣಿಯ ಪೈಪು ಎಷ್ಟೋ ಕಡೆ ಆರೇ ಇಂಚು, ಒಂದು ಗೇಣೂ ಇಲ್ಲ. ಹತ್ತು ಮನೆಯವರು ಹೀಗೆ ಮಾಡಿದರೆ ಆ ನೀರು ಎಲ್ಲಿಗೆ ಹೋಗಬೇಕು? ತಗ್ಗಿನ ಮನೆಯ ಬಚ್ಚಲಿಗೇ ಅಲ್ವಾ?

ಇನ್ನೊಂದು ರೂಢಿ ಇದೆ. ರಸ್ತೆಯಲ್ಲಿ ನೀರು ನಿಂತರೆ ಹುಡುಗರು ಹಾರೆ ತಂದು ಮ್ಯಾನ್‌ಹೋಲ್ ಮುಚ್ಚಳ ಎತ್ತುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ನೀರಿನ ಜೊತೆ ಮಣ್ಣು, ಪ್ಲಾಸ್ಟಿಕ್, ಕಲ್ಲು ಎಲ್ಲ ಒಳಗೆ ಇಳಿದು ಗಟ್ಟಿಯಾಗುತ್ತೆ. ಬಾಯಿ ತೆರೆದ ಮ್ಯಾನ್‌ಹೋಲ್ ನೀರಿನಡಿ ಕಾಣುವುದಿಲ್ಲ, ನಡೆದು ಬರುವ ಮಗುವಿಗಂತೂ ಕಾಣುವುದೇ ಇಲ್ಲ. ಪೈಪು ಕಟ್ಟಿಕೊಂಡ ಮೇಲೆ ಯಾರನ್ನೋ ಕರೆದು ಒಳಗಿಳಿ ಅನ್ನುತ್ತೇವೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಅಲ್ಲಿ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ದಯವಿಟ್ಟು ಯಾರನ್ನೂ ಇಳಿಸಬೇಡಿ. ಪಾಲಿಕೆಗೆ ಹೇಳಿ ಮಷೀನ್ ತರಿಸಿ.

ತೊಗರಿ ಬೆಳೆಯುವ ನಮ್ಮ ರೈತರಿಗೆ ಎರೆ ಮಣ್ಣಿನ ಗುಣ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತೆ, ಮಳೆ ಬಿದ್ದರೆ ಉಬ್ಬುತ್ತೆ. ಎರೆ ನೆಲದ ಓಣಿಗಳಲ್ಲಿ ಪೈಪುಗಳು ಮಲಗಿರುವುದೂ ಇದೇ ಮಣ್ಣಿನಲ್ಲಿ. ಸಿಮೆಂಟ್ ಹಚ್ಚಿ ಕೂಡಿಸಿದ ಹಳೇ ಪೈಪುಗಳ ಕೀಲು ಈ ಎಳೆದಾಟಕ್ಕೆ ಬಿಟ್ಟುಕೊಳ್ಳುತ್ತೆ. ಸಂದಿಯಲ್ಲಿ ನೆಲದ ನೀರು ಸೇರುತ್ತೆ, ಬೇವಿನ ಬೇರೂ ಸೇರುತ್ತೆ. ರಾತ್ರಿ ಮೂರು ಗಂಟೆಗೆ ಊರೆಲ್ಲ ಮಲಗಿದಾಗಲೂ ಮ್ಯಾನ್‌ಹೋಲಿನಲ್ಲಿ ತಿಳಿನೀರು ಜೋರಾಗಿ ಹರಿಯುತ್ತಿದ್ದರೆ, ಎಲ್ಲೋ ಪೈಪು ಒಡೆದಿದೆ ಅಂತ ಗುಮಾನಿ. ಅದನ್ನು ಕ್ಯಾಮೆರಾ ಇಳಿಸಿ, ಹೊಗೆ ಬಿಟ್ಟು ಹುಡುಕುತ್ತಾರೆ. ಅದು ಪಾಲಿಕೆಯ ಕೆಲಸ. ಮಾಳಿಗೆ ನಮ್ಮದು.

ಹೊಲಸು ನೀರು ಶುದ್ಧ ಮಾಡುವ ಘಟಕಕ್ಕೂ ಇದರಿಂದ ಪೆಟ್ಟು. ಅಲ್ಲಿ ಹೊಲಸನ್ನು ತಿಂದು ಕರಗಿಸುವುದು ಕಣ್ಣಿಗೆ ಕಾಣದ ಜೀವಿಗಳು. ಮಳೆನೀರು ಒಮ್ಮೆಲೇ ನುಗ್ಗಿದರೆ ಅವೂ ಕೊಚ್ಚಿಕೊಂಡು ಹೋಗುತ್ತವೆ. ಅರ್ಧಂಬರ್ಧ ಶುದ್ಧವಾದ ನೀರು ಹಳ್ಳ ಸೇರುತ್ತೆ. ನನಗೆ ಸಂಕಟವಾಗುವುದು ಇನ್ನೊಂದಕ್ಕೆ. ಬೆಣ್ಣೆತೊರೆಯಿಂದ, ಭೀಮೆಯಿಂದ ಪಂಪು ಮಾಡಿ ಊರಿಗೆ ನೀರು ತರುತ್ತೇವೆ. ಮನೆ ಮೇಲೆ ಸುಮ್ನೆ ಬಿದ್ದ ನೀರನ್ನು ಪಾಯಖಾನೆ ಪೈಪಿಗೆ ಬಿಡುತ್ತೇವೆ.

ನಿಮ್ಮ ಮನೆಯದು ಹೇಗಿದೆ ಅಂತ ನೋಡುವುದು ಸುಲಭ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ. ಮಾಳಿಗೆ ಪೈಪಿನ ಬಾಯಿಗೆ ಸುರಿಯಿರಿ. ಕೆಳಗೆ ಒಬ್ಬರು ಅಂಗಳದ ಚೇಂಬರ್ ಮುಚ್ಚಳ ತೆಗೆದು ದೂರ ನಿಂತು ನೋಡಲಿ. ನೀಲಿ ಬಂತು ಅಂದರೆ ಆ ಪೈಪನ್ನು ಬಿಡಿಸಿ ನೆಲದೊಳಗಿನ ನೀರಿನ ತೊಟ್ಟಿಗೆ, ಅಂದರೆ ಸಂಪ್‌ಗೆ ಕೊಡಿ, ನಡುವೆ ಜಲ್ಲಿ ಮರಳಿನ ಸೋಸುತೊಟ್ಟಿ ಇರಲಿ. ಮೊದಲ ಮಳೆಯ ನೀರು ಹೊರಗೆ ಹೋಗಲಿ, ಧೂಳು ಇರುತ್ತೆ. ಇಂಗುಗುಂಡಿ ತೋಡುವುದಾದರೆ ಎರೆ ದಾಟಿ ಗರಸು ಸಿಗುವವರೆಗೂ ತೋಡಿ. ಉಬ್ಬಿದ ಎರೆ ನೀರು ಕುಡಿಯುವುದಿಲ್ಲ. ಏನೂ ಆಗದಿದ್ದರೆ ರಸ್ತೆಯ ಗಟಾರಕ್ಕಾದರೂ ಬಿಡಿ.

ಮಿರಗ, ಅಂದರೆ ಮೃಗಶಿರ ಮಳೆಗೆ ಇನ್ನು ಕೆಲವೇ ದಿನ. ನಮ್ಮ ಓಣಿಯಲ್ಲಿ ಆರು ಮನೆಗಳ ಪೈಪು ಬೇರೆ ಮಾಡಿದ್ದೇವೆ, ಮೊದಲು ನಮ್ಮದೇ. ಇನ್ನೆರಡು ಬಾಕಿ ಇವೆ. ನಾಳೆ ಬೆಳಿಗ್ಗೆ ಗೌಂಡಿ ಬರುತ್ತಾನೆ. ಅವನಿಗೆ ಚಹಾ ತಾನೇ ಮಾಡಿಕೊಡುತ್ತೇನೆ ಅಂದಿದ್ದಾರೆ ಅಜ್ಜಿ.

ನಮಸ್ಕಾರ.