ಟ್ಯಾಂಕಿನಿಂದ ಶುರು ಮಾಡಿ

ಕೇಳುಗರಿಗೆ ನಮಸ್ಕಾರ.

ಕಲಾಸಿಪಾಳ್ಯದಲ್ಲಿ ತರಕಾರಿ ಇಳಿಸಿಯೋ, ಯಶವಂತಪುರ ಯಾರ್ಡಿನಲ್ಲಿ ಈರುಳ್ಳಿ ಇಳಿಸಿಯೋ ಖಾಲಿ ಗಾಡಿಯಲ್ಲಿ ಊರಿಗೆ ಹೊರಟವರು ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡಿರುತ್ತೀರಿ. ನಾನು ಮಾತಾಡಲು ಬಂದಿರುವುದು ನಿಮ್ಮ ಜೊತೆ. ನಿಮ್ಮದು ಹಳೇ ಡೀಸೆಲ್ ಪಿಕಪ್. ಟಾಟಾ 207 ಇರಬಹುದು, ಹಳೇ ಬೊಲೆರೊ ಪಿಕಪ್ ಇರಬಹುದು. ಕಂಪ್ಯೂಟರ್ ಇಲ್ಲದ ಇಂಜಿನ್. ಇಷ್ಟು ವರ್ಷ ನಿಮ್ಮ ಮನೆ ನಡೆಸಿದೆ, ನೋಡಿಕೊಂಡರೆ ಇನ್ನೂ ನಡೆಸುತ್ತದೆ. ಅದು ದಾರಿಯಲ್ಲಿ ನಿಂತರೆ ಏನು ಮಾಡಬೇಕು, ನಿಲ್ಲದ ಹಾಗೆ ಹೇಗೆ ನೋಡಿಕೊಳ್ಳಬೇಕು, ಇದೇ ಇವತ್ತಿನ ಮಾತು.

ಮೂವತ್ತು ವರ್ಷಕ್ಕೂ ಜಾಸ್ತಿ ನಾನು ಡೀಸೆಲ್ ಪಂಪು, ನಾಝಲ್ ಸರಿಮಾಡುವ ಕೆಲಸದಲ್ಲಿದ್ದೇನೆ. ಡೀಸೆಲ್ಲನ್ನು ಒತ್ತಡದಲ್ಲಿ ಇಂಜಿನ್ನಿಗೆ ಕಳಿಸುವುದು ಪಂಪು, ಅದನ್ನು ಒಳಗೆ ಚಿಮ್ಮಿಸುವುದು ನಾಝಲ್. ಪಂಪೇ ನನಗೆ ಅನ್ನ ಕೊಟ್ಟಿದೆ. ಆದರೂ ಮೊದಲೇ ಹೇಳಿಬಿಡುತ್ತೇನೆ. ಗಾಡಿ ನಿಂತ ತಕ್ಷಣ ಪಂಪು ಬಿಚ್ಚಿಸಬೇಡಿ. ಟ್ಯಾಂಕಿನಿಂದ ಶುರು ಮಾಡಿ. ನನ್ನ ಹತ್ತಿರ ಪಂಪು ಹಿಡಿದುಕೊಂಡು ಬರುವವರಲ್ಲಿ ಎಷ್ಟೋ ಜನರ ಪಂಪು ಚೆನ್ನಾಗಿಯೇ ಇರುತ್ತದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಡೀಸೆಲ್ ಇಂಜಿನ್ ಬಹಳ ಸರಳ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಇಂಜಿನ್ನಿಗೂ ನಿಮ್ಮ ಗಾಡಿಯ ಇಂಜಿನ್ನಿಗೂ ಮೂಲ ವಿದ್ಯೆ ಒಂದೇ. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತದೆ, ಅಲ್ವಾ? ಹಾಗೆಯೇ ಆ ಗಾಳಿ ಕಾಯುತ್ತದೆ. ಕಾದ ಗಾಳಿಗೆ ಡೀಸೆಲ್ ಮಂಜಿನ ಹಾಗೆ ಚಿಮ್ಮಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಅಂದರೆ ಇಂಜಿನ್ನಿಗೆ ಬೇಕಾದ್ದು ಗಾಳಿ ಮತ್ತು ಡೀಸೆಲ್. ಹೇಗೋ ತಳ್ಳಿಯಾದರೂ ತಿರುಗಿಸಿದರೆ ಸಾಕು, ಗಾಳಿ ಒತ್ತುವ ಬಲ ಚೆನ್ನಾಗಿದ್ದು ಇವೆರಡು ಸರಿಯಾಗಿ ಬಂದರೆ ಅದು ಓಡಲೇಬೇಕು. ಓಡುತ್ತಿಲ್ಲ ಅಂದರೆ ಹೆಚ್ಚಾಗಿ ದಾರಿಯಲ್ಲಿ ಎಲ್ಲೋ ತಡೆ ಇದೆ.

ತೋಟಕ್ಕೆ ನೀರು ಬರದಿದ್ದರೆ ನೀವು ಮೊದಲು ಡ್ರಿಪ್ಪಿನ ತುದಿ ಕಿತ್ತು ನೋಡುತ್ತೀರಾ? ಇಲ್ಲ. ಬೋರಿನಲ್ಲಿ ನೀರಿದೆಯಾ, ಗೇಟ್ ವಾಲ್ವ್ ತೆಗೆದಿದೆಯಾ, ಪೈಪು ಒಡೆದಿದೆಯಾ ಅಂತ ಒಂದೊಂದೇ ನೋಡುತ್ತಾ ಬರುತ್ತೀರಿ. ಗಾಡಿಯಲ್ಲೂ ಅಷ್ಟೇ. ಮೊದಲು ಟ್ಯಾಂಕ್. ಆಮೇಲೆ ಪೈಪು. ಆಮೇಲೆ ನೀರು ಕೂರುವ ಬಟ್ಟಲು, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್, ಫಿಲ್ಟರ್. ಪಂಪು, ನಾಝಲ್ ಬರುವುದು ಕೊನೆಗೆ.

ಇದು ನನಗೆ ಗಟ್ಟಿಯಾಗಿ ಮನಸ್ಸಿಗೆ ಹತ್ತಿದ್ದು ಮಾಲೂರಿನ ಒಂದು ಗಾಡಿಯಿಂದ. ಅದನ್ನು ಪೂರ್ತಿ ಹೇಳಬೇಕು, ಕೇಳಿ.

ಕೆಲವು ವರ್ಷದ ಹಿಂದಿನ ಮಾತು. ಗಂಡ ಹೆಂಡತಿ ಇಬ್ಬರೂ ಮಾಲೂರು ಕಡೆಯಿಂದ ಹೂಕೋಸು, ಬೀನ್ಸ್ ತುಂಬಿಕೊಂಡು ದಿನಾ ಕಲಾಸಿಪಾಳ್ಯಕ್ಕೆ ಬರುತ್ತಿದ್ದರು. ಗಾಡಿ ಹೊಸಕೋಟೆ ದಾಟಿ ಕೆ.ಆರ್. ಪುರ ತೂಗು ಸೇತುವೆ ಹತ್ತಿರ ಬರುವಷ್ಟರಲ್ಲಿ ಎಳೆಯುವುದನ್ನು ಬಿಡುತ್ತಿತ್ತು. ನಾಲ್ಕು ಸಲ ಮುಕ್ಕರಿದು ಆಫ್ ಆಗುತ್ತಿತ್ತು. ಹದಿನೈದು ನಿಮಿಷ ಬಿಟ್ಟರೆ ಸ್ಟಾರ್ಟ್. ಮತ್ತೆ ಸ್ವಲ್ಪ ದೂರ ಬಂದು ಮತ್ತೆ ಆಫ್. ಮಾರ್ಕೆಟ್ಟಿಗೆ ಬರುವಷ್ಟರಲ್ಲಿ ಒಳ್ಳೆ ರೇಟು ಹೋಗಿರುತ್ತಿತ್ತು. ತರಕಾರಿಯವರಿಗೆ ಒಂದು ಗಂಟೆ ತಡ ಅಂದರೆ ಎಷ್ಟು ನಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಒಂದು ಗ್ಯಾರೇಜಿನಲ್ಲಿ ಫಿಲ್ಟರ್ ಬದಲಾಯಿಸಿದರು. ಹೋಗಲಿಲ್ಲ. ಫೀಡ್ ಪಂಪ್ ಬದಲಾಯಿಸಿದರು. ಹೋಗಲಿಲ್ಲ. ಆಮೇಲೆ ದೊಡ್ಡ ಪಂಪು ಬಿಚ್ಚಿ, ಒಳಗಿನ ಸಾಮಾನು ಹಾಕಿ, ನಾಝಲ್ ನಾಲ್ಕೂ ಹೊಸದು ಹಾಕಿದರು. ಬಿಲ್ಲು ಇಪ್ಪತ್ತು ಸಾವಿರ ದಾಟಿತು. ಮಾರನೇ ದಿನ ಅದೇ ಸೇತುವೆ, ಅದೇ ಕಥೆ. ಆಗ ಅವರು ನನ್ನ ಹತ್ತಿರ ಬಂದರು. ಪಂಪು ಮತ್ತೆ ಬಿಚ್ಚಿ ನೋಡಿ ಅಂದರು. ನಾನು ಪಂಪು ಮುಟ್ಟಲ್ಲ, ನಾಳೆ ನಿಮ್ಮ ಜೊತೆ ಗಾಡಿಯಲ್ಲಿ ಬರುತ್ತೇನೆ ಅಂದೆ.

ರಾತ್ರಿಯೇ ಮಾಲೂರಿಗೆ ಹೋದೆ. ಬೆಳಗಿನ ಜಾವ ಮೂರಕ್ಕೆ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಹೊರಟೆವು. ದಾರಿಯಲ್ಲಿ ಸುಮ್ನೆ ಕೇಳಿದೆ, ಇದು ಯಾವಾಗಿನಿಂದ ಶುರುವಾಯಿತು ಅಂತ. ಯಜಮಾನರು ನೆನಪಿಲ್ಲ ಅಂದರು. ಆ ತಾಯಿ ಹೇಳಿದರು: "ಎಫ್‌ಸಿ, ಅದೇ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಿದ ಮೇಲೆ ಸ್ವಾಮಿ. ಇನ್ನೊಂದು, ಬಂಕಿನಲ್ಲಿ ಮುಚ್ಚಳ ತೆಗೆದಾಗ ಬುಸ್ ಅಂತ ಹಾವಿನ ಥರ ಸದ್ದು ಬರುತ್ತೆ. ಗ್ಯಾರೇಜಿನಲ್ಲೂ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ." ನನಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಸೇತುವೆ ಹತ್ತಿರ ಗಾಡಿ ನಿಂತಿತು. ಸೆಲ್ಫ್ ಹೊಡೆಯಬೇಡಿ ಅಂದೆ. ಇಳಿದು ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಬುಸ್! ಟ್ಯಾಂಕ್ ಗಾಳಿಯನ್ನು ಒಳಕ್ಕೆ ಎಳೆದುಕೊಂಡ ಸದ್ದು ಅದು. ಮುಚ್ಚಳ ಸಡಿಲವಾಗಿಯೇ ಬಿಟ್ಟು, ಈಗ ಹೊಡೆಯಿರಿ ಅಂದೆ. ಎರಡು ಸುತ್ತಿಗೆ ಇಂಜಿನ್ ಎದ್ದಿತು. ಕಲಾಸಿಪಾಳ್ಯದವರೆಗೂ ಎಲ್ಲೂ ನಿಲ್ಲಲಿಲ್ಲ.

ಆಗಿದ್ದಿಷ್ಟೇ. ಮೂರು ಲೀಟರ್ ಡೀಸೆಲ್ ಟ್ಯಾಂಕಿನಿಂದ ಹೊರಗೆ ಹೋದರೆ ಮೂರು ಲೀಟರ್ ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಎಫ್‌ಸಿಗೆ ಗಾಡಿ ನಿಲ್ಲಿಸುವ ಮುಂಚೆ ಪೈಂಟ್ ಹೊಡೆಸಿದ್ದರು. ಪೈಂಟರ್ ಟ್ಯಾಂಕಿನ ಜೊತೆ ಮುಚ್ಚಳಕ್ಕೂ ಹೊಡೆದಿದ್ದ. ತೂತು ಮುಚ್ಚಿಹೋಗಿತ್ತು. ಎಳನೀರಿನ ಕಾಯಿಗೆ ಬಾಯಿ ಒತ್ತಿ ಹೀರುತ್ತಲೇ ಇದ್ದರೆ ಒಂದು ಹಂತದಲ್ಲಿ ನೀರು ಬರುವುದು ನಿಲ್ಲುತ್ತದಲ್ಲ, ಹಾಗೆ. ಹದಿನೈದು ನಿಮಿಷ ನಿಂತಾಗ ಎಲ್ಲಿಂದಲೋ ಸ್ವಲ್ಪ ಗಾಳಿ ನುಸುಳಿ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಆ ತಾಯಿ ಸೆರಗಿನ ಪಿನ್ನು ತೆಗೆದುಕೊಟ್ಟರು. ಅದರಲ್ಲೇ ತೂತು ಬಿಡಿಸಿದೆ. ಇಪ್ಪತ್ತು ಸಾವಿರ ಸುರಿದರೂ ಹೋಗದ ರೋಗ ಒಂದು ಪಿನ್ನಿಗೆ ಹೋಯಿತು. ಯಾಕೆಂದರೆ ಅಲ್ಲಿಯವರೆಗೆ ಯಾರೂ ಟ್ಯಾಂಕಿನಿಂದ ಶುರು ಮಾಡಿರಲಿಲ್ಲ.

ಸ್ಟುಡಿಯೋದವರು ಕೈ ತೋರಿಸುತ್ತಿದ್ದಾರೆ, ಸಮಯ ಬಹಳ ಇಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಟ್ಯಾಂಕ್ ಆದ ಮೇಲೆ ನೀರು. ಅರ್ಧ ಟ್ಯಾಂಕ್ ಡೀಸೆಲ್ಲಿನಲ್ಲಿ ರಾತ್ರಿ ಗಾಡಿ ನಿಲ್ಲಿಸಿದರೆ, ನಮ್ಮ ಬೆಂಗಳೂರಿನ ಚಳಿಗೆ ಖಾಲಿ ಜಾಗದ ತೇವ ಹನಿಯಾಗಿ ಒಳಗೆ ಬೀಳುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳಕ್ಕೆ ಕೂರುತ್ತದೆ. ಫಿಲ್ಟರ್ ಕೆಳಗಿನ ಬಟ್ಟಲಿನಲ್ಲಿ ಒಂದು ಸ್ಕ್ರೂ ಇದೆ. ವಾರಕ್ಕೊಮ್ಮೆ, ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆ, ಅದನ್ನು ಸಡಿಲ ಮಾಡಿ ಒಂದು ಲೋಟಕ್ಕೆ ಬಿಡಿ. ಬರೀ ಡೀಸೆಲ್ ಬರುವವರೆಗೆ ಬಿಡಿ. ಎರಡು ನಿಮಿಷದ ಕೆಲಸ. ಇದನ್ನು ಯಾಕೆ ಮಾಡುವುದಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪಂಪಿನ ಒಳಗೆ ಡೀಸೆಲ್ ಒತ್ತುವ ಪ್ಲಂಜರ್ ಅನ್ನುವ ಕಡ್ಡಿಗೂ ಅದು ಓಡಾಡುವ ಬ್ಯಾರಲ್ ಅನ್ನುವ ಕೊಳವೆಗೂ ನಡುವೆ ಇರುವ ಸಂದು ಮೂರು ನಾಲ್ಕು ಮೈಕ್ರಾನ್ ಅಷ್ಟೇ. ತಲೆಕೂದಲು ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ದಪ್ಪ. ಅಂಥ ಸೂಕ್ಷ್ಮದ ಪಂಪು, ನಾಝಲ್ಲುಗಳನ್ನು ನಮ್ಮ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ, ಈಗಿನ ಬಾಷ್‌ನಲ್ಲಿ, ನಮ್ಮ ಜನರೇ ದಶಕಗಟ್ಟಲೆ ಮಾಡಿದ್ದಾರೆ. ಅಂಥ ಕೆಲಸಕ್ಕೆ ತುಕ್ಕಿನ ನೀರು ಕುಡಿಸಬಾರದು.

ಮುಂದಿನದು ಏರ್, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರುವುದು. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್, ಆಮೇಲೆ ದಿನವಿಡೀ ಏನೂ ತೊಂದರೆ ಇಲ್ಲ. ಇಂಥ ಗಾಡಿಗೆ ಬ್ಯಾಟರಿ ಬದಲಾಯಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಹ್ಯಾಂಡ್ ಪ್ರೈಮರನ್ನು, ಅಂದರೆ ಕೈಯಲ್ಲಿ ಡೀಸೆಲ್ ಎಳೆಯುವ ಸಣ್ಣ ಪಂಪನ್ನು, ಗಟ್ಟಿಯಾಗುವ ತನಕ ಒತ್ತಿ, ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಎದ್ದರೆ ಬ್ಯಾಟರಿ ಚೆನ್ನಾಗಿದೆ. ಎಲ್ಲೋ ಗಾಳಿ ನುಸುಳಿ ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ ಅಂತ ಅರ್ಥ. ಅದೂ ಟ್ಯಾಂಕಿಗೂ ಪಂಪಿಗೂ ನಡುವೆಯೇ. ಬಿರುಕು ಬಿಟ್ಟ ರಬ್ಬರ್ ಪೈಪು, ಸಡಿಲ ಕ್ಲಿಪ್ಪು, ಹಳೇ ತಾಮ್ರದ ವಾಷರ್. ಇವು ಜೆ.ಸಿ. ರಸ್ತೆಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಜಾಗ ಗೊತ್ತಾಗದಿದ್ದರೆ ಫಿಲ್ಟರಿಗೂ ಪಂಪಿಗೂ ಮಧ್ಯೆ ಒಂದು ತುಂಡು ಪಾರದರ್ಶಕ ಪೈಪು ಹಾಕಿ, ಗುಳ್ಳೆ ಓಡುವುದು ಕಣ್ಣಿಗೆ ಕಾಣುತ್ತದೆ. ಅದು ಪರೀಕ್ಷೆಗೆ ಮಾತ್ರ, ಆಮೇಲೆ ಡೀಸೆಲ್ ಪೈಪನ್ನೇ ಹಾಕಿ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಹೊಗೆಯೇ ಬರುತ್ತಿಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಕರೆಂಟಿನಿಂದ ಡೀಸೆಲ್ ಬಿಡುವ, ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್ ಇರುವ ಪಂಪಾದರೆ ಕೀ ತಿರುಗಿಸಿ 'ಟಕ್' ಅನ್ನುತ್ತದಾ ಕೇಳಿ. ಅನ್ನದಿದ್ದರೆ ಅದರ ವೈರ್ ನೋಡಿ, ಫ್ಯೂಸ್ ನೋಡಿ.

ಹೊಗೆಯ ಬಣ್ಣ: ಕಪ್ಪು ಅಂದರೆ ಗಾಳಿ ಸಾಲದು, ಏರ್ ಫಿಲ್ಟರ್ ತೆಗೆದು ನೋಡಿ. ನಮ್ಮ ರಸ್ತೆ ಕೆಲಸದ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ನೀಲಿ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಚಳಿಯಲ್ಲಿ ಬಂದು ನಿಂತರೆ ಪರವಾಗಿಲ್ಲ. ಇಂಜಿನ್ ಕಾದ ಮೇಲೂ ಬರುತ್ತಿದ್ದು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಓಡಿಸುವುದನ್ನು ನಿಲ್ಲಿಸಿ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ. ನಿಮ್ಮ ಮನೆಯ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ಇಂಜಿನ್ ಒಳಗೂ ಕಟ್ಟುತ್ತದೆ. ಕೂಲೆಂಟ್ ಹಾಕಿ. ಇಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಇಂಜಿನ್ ತಣ್ಣಗೇ ಓಡಿ ಓಡಿ ಸವೆಯುತ್ತದೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ.

ಒಂದು ಎಚ್ಚರಿಕೆ. ನಾಝಲ್ ಪೈಪು ಸೋರುತ್ತಿದೆಯಾ ಅಂತ ಇಂಜಿನ್ ಓಡುವಾಗ ಬೆರಳಿಟ್ಟು ನೋಡಬೇಡಿ. ಅಲ್ಲಿ ಒತ್ತಡ ನೂರು ಬಾರ್‌ಗಿಂತ ಜಾಸ್ತಿ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳೇ ಹೋಗಬಹುದು. ಹಾಗಾದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ. ಕಂಪ್ಯೂಟರ್ ಇರುವ ಹೊಸ ಗಾಡಿಯವರು ಆ ಪೈಪುಗಳನ್ನು ಮುಟ್ಟಲೇಬೇಡಿ.

ಸೀಟಿನ ಹಿಂದೆ ಒಂದು ಡಬ್ಬಿ ಇಡಿ. ಒಂದು ಹೊಸ ಡೀಸೆಲ್ ಫಿಲ್ಟರ್, ಒಂದು ಮೀಟರ್ ಡೀಸೆಲ್ ಪೈಪು, ನಾಲ್ಕು ಕ್ಲಿಪ್ಪು, ಬೆರಳೆಣಿಕೆಯ ತಾಮ್ರದ ವಾಷರ್, ಎರಡು ಸ್ಪ್ಯಾನರ್, ಒಂದು ಟಾರ್ಚ್. ಇವತ್ತು ಮನೆ ಸೇರಿದ ಮೇಲೆ, ಊಟಕ್ಕೆ ಕೂರುವ ಮುಂಚೆ, ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಟ್ಟು ಕೇಳಿ. ಬುಸ್ ಅಂದರೆ ಮನೆಯಲ್ಲಿ ಒಂದು ಪಿನ್ನು ಕೇಳಿ ಇಸಿದುಕೊಳ್ಳಿ.

ನಮಸ್ಕಾರ.